ಫಿನ್‌ಲೆಂಡಿನ ಗೇಣಿದಾರರು ಬಂದೂಕು ಹಿಡಿದದ್ದು ಯಾಕೆ?

ಕೇಳುಗರಿಗೆ ನಮಸ್ಕಾರ.

2015ರಲ್ಲಿ ಗ್ಯಾಲಪ್ ಇಂಟರ್‌ನ್ಯಾಷನಲ್‌ನ ಒಂದು ಸಮೀಕ್ಷೆ ಹೊರಬಂತು. ‘ಯುದ್ಧ ಬಂದರೆ ನಿಮ್ಮ ದೇಶಕ್ಕಾಗಿ ಹೋರಾಡುತ್ತೀರಾ?’ ಅಂತ ಬೇರೆಬೇರೆ ದೇಶಗಳ ಜನರನ್ನು ಕೇಳಿದ್ದರು. ಜಪಾನಿನಲ್ಲಿ ಹೌದು ಅಂದವರು ನೂರಕ್ಕೆ 11 ಮಂದಿ. ಜರ್ಮನಿಯಲ್ಲಿ 18, ಬ್ರಿಟನ್ನಿನಲ್ಲಿ 27. ಫಿನ್‌ಲೆಂಡಿನಲ್ಲಿ ಮಾತ್ರ 74.

ಇಂಥ ಅಂಕಿ ಬಂದಾಗಲೆಲ್ಲ ಯಾರೋ ಒಬ್ಬರು ಟಿವಿಯಲ್ಲಿ ಕೂತು, ‘ಈಗಿನ ಹುಡುಗರಿಗೆ ದೇಶಭಕ್ತಿಯೇ ಇಲ್ಲ’ ಅಂತ ಶುರು ಮಾಡುತ್ತಾರೆ. ಕೇಳಿ ಕೇಳಿ ನನಗೆ ಸಾಕಾಗಿದೆ. ಭಾಷಣ ಬಿಗಿದರೆ ಜನ ಬಂದೂಕು ಹಿಡಿಯುವುದಿಲ್ಲ ಸ್ವಾಮಿ. ಈ ದೇಶದಲ್ಲಿ ನನಗೂ ಒಂದು ಪಾಲಿದೆ ಅಂತ ಅನ್ನಿಸಬೇಕು. ಪಾಲು ಇದ್ದವನು ಕಾಯುತ್ತಾನೆ. ಇವತ್ತು ನಾನು ಹೇಳುವುದು ಇದೊಂದೇ ಮಾತು. ಅದಕ್ಕೆ ಫಿನ್‌ಲೆಂಡಿನ ಕಥೆ ಸಾಕು.

1918. ಫಿನ್‌ಲೆಂಡ್ ರಷ್ಯಾದಿಂದ ಬಿಡಿಸಿಕೊಂಡು ಆಗಿನ್ನೂ ಎರಡು ತಿಂಗಳಾಗಿಲ್ಲ. ಅಷ್ಟರಲ್ಲೇ ಒಳಗೊಳಗೇ ಯುದ್ಧ ಶುರುವಾಯಿತು. ಒಂದು ಕಡೆ ಕಾರ್ಖಾನೆಯ ಕೂಲಿಗಳು, ಗೇಣಿಗೆ ಉಳುವವರು, ಜೀತದಂತೆ ದುಡಿಯುವ ಆಳುಗಳು. ಇವರು ಕೆಂಪು ಪಡೆ. ಇನ್ನೊಂದು ಕಡೆ ಜಮೀನುದಾರರು, ಸ್ವಂತ ಹೊಲ ಇದ್ದ ರೈತರು, ಓದಿದ ವರ್ಗ. ಇವರು ಬಿಳಿ ಪಡೆ. ಬಿಳಿಯರ ಸೇನಾಪತಿ ಮ್ಯಾನರ್‌ಹೈಮ್. ಬಿಳಿಯರು ಗೆದ್ದರು. ಸೋತ ಕೆಂಪಿನವರನ್ನು ಸೆರೆ ಶಿಬಿರಗಳಿಗೆ ತುಂಬಿದರು. ಅಲ್ಲಿ ಹಸಿವಿನಿಂದ, ರೋಗದಿಂದ ಸತ್ತವರೇ 12 ಸಾವಿರಕ್ಕಿಂತ ಜಾಸ್ತಿ. ಆಗ ಆ ದೇಶದ ಜನಸಂಖ್ಯೆ ನಮ್ಮ ಒಂದು ದೊಡ್ಡ ಜಿಲ್ಲೆಯಷ್ಟು, ನೆನಪಿರಲಿ. ಊರೂರಲ್ಲೂ ಅಪ್ಪನನ್ನು ಕಳೆದುಕೊಂಡ ಮಕ್ಕಳು.

ಈಗ 1939ಕ್ಕೆ ಬನ್ನಿ. ನವೆಂಬರ್ 30ರಂದು ಸೋವಿಯತ್ ಸೇನೆ ಗಡಿ ದಾಟಿತು. ಹೆಲ್ಸಿಂಕಿಯ ಮೇಲೆ ಬಾಂಬು ಬಿತ್ತು. ಫಿನ್‌ಲೆಂಡಿನ ಸೇನಾಪತಿ ಯಾರು? ಅದೇ ಮ್ಯಾನರ್‌ಹೈಮ್. ಯೋಚನೆ ಮಾಡಿ. ಅಪ್ಪ ಶಿಬಿರದಲ್ಲಿ ಸತ್ತ ಹುಡುಗನಿಗೆ ಈಗ ಇಪ್ಪತ್ತೈದು ವರ್ಷ. ಅವನು ಆ ಮನುಷ್ಯನ ಆಜ್ಞೆ ಕೇಳಿ ಹಿಮದಲ್ಲಿ ಪ್ರಾಣ ಕೊಡಬೇಕು. ಕೊಡುತ್ತಾನಾ?

ಕೊಡುವುದಿಲ್ಲ ಅಂತ ಸ್ಟಾಲಿನ್ ಲೆಕ್ಕ ಹಾಕಿದ್ದ. ಯುದ್ಧ ಶುರುವಾದ ಮರುದಿನವೇ ಗಡಿಯ ಟೆರಿಯೊಕಿ ಎಂಬ ಊರಲ್ಲಿ ಒಂದು ಕೈಗೊಂಬೆ ಸರ್ಕಾರ ಕೂರಿಸಿದ. ಅದರ ಮುಖ್ಯಸ್ಥ ಓಟ್ಟೊ ಕೂಸಿನೆನ್, 1918ರಲ್ಲಿ ಸೋತು ಮಾಸ್ಕೋಗೆ ಓಡಿಹೋಗಿದ್ದ ಫಿನ್ನಿಷ್ ಕಮ್ಯುನಿಸ್ಟ್. ಫಿನ್ನಿಷ್ ಕಾರ್ಮಿಕರೇ, ಬನ್ನಿ, ನಮ್ಮ ಜೊತೆ ಸೇರಿ ಅಂತ ಕರೆ ಹೋಯಿತು. ಏನು ಕೊಡುತ್ತೇವೆ ಅಂದರು ಗೊತ್ತಾ? ದಿನಕ್ಕೆ ಎಂಟು ಗಂಟೆ ಕೆಲಸ. ಬಡ ರೈತರಿಗೆ ಜಮೀನು.

ನನಗೆ ಈ ಜಾಗಕ್ಕೆ ಬಂದಾಗಲೆಲ್ಲ ನಗು ಬರುತ್ತದೆ, ಕ್ಷಮಿಸಿ. ಯಾಕೆಂದರೆ ಎಂಟು ಗಂಟೆ ಕೆಲಸದ ಕಾನೂನು ಫಿನ್‌ಲೆಂಡಿನಲ್ಲಿ 1917ರಲ್ಲೇ ಆಗಿತ್ತು! ಇನ್ನು ಜಮೀನು? ಅಂತರ್ಯುದ್ಧ ಮುಗಿದ ವರ್ಷವೇ, ಗೆದ್ದವರ ಸರ್ಕಾರವೇ, ಗೇಣಿದಾರರು ತಾವು ಉಳುವ ನೆಲ ಕೊಂಡುಕೊಳ್ಳಲು ಕಾನೂನು ಮಾಡಿತು. 1922ರಲ್ಲಿ ಇನ್ನೊಂದು ಕಾನೂನು ಬಂತು. ಜಮೀನೇ ಇಲ್ಲದವರಿಗೂ ದೊಡ್ಡ ಎಸ್ಟೇಟುಗಳಿಂದ ನೆಲ ಸಿಗುವಂತಾಯಿತು. ಅದನ್ನು ತಂದವರು ಕ್ಯೂಸ್ತಿ ಕಲ್ಲಿಯೊ ಎಂಬ ರೈತ ನಾಯಕ. 1939ರಲ್ಲಿ ಅವರೇ ರಾಷ್ಟ್ರಾಧ್ಯಕ್ಷರು. ನಮ್ಮಲ್ಲಿ ದೇವರಾಜ ಅರಸರ ಕಾಲದಲ್ಲಿ ‘ಉಳುವವನೇ ಹೊಲದೊಡೆಯ’ ಅಂತ ಗೇಣಿದಾರರಿಗೆ ಭೂಮಿ ಸಿಕ್ಕಿತಲ್ಲ, ಆ ದಿನಗಳನ್ನು ಕಂಡವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಪಟ್ಟಾ ಕೈಗೆ ಬಂದ ಮೇಲೆ ಮನುಷ್ಯ ಬೇರೆಯೇ ಆಗುತ್ತಾನೆ.

ಬರೀ ಜಮೀನೂ ಅಲ್ಲ. 1937ರಲ್ಲಿ ಕಾರ್ಮಿಕರ ಪಕ್ಷವಾದ ಸೋಷಿಯಲ್ ಡೆಮಾಕ್ರಟರು ರೈತರ ಪಕ್ಷದ ಜೊತೆ ಸರ್ಕಾರದಲ್ಲಿ ಕೂತರು. ಬಡ ಬಾಣಂತಿಯರಿಗೆ ಸರ್ಕಾರದ ನೆರವು ಶುರುವಾಯಿತು. ಅಂದರೆ ಸೋತವರ ಮಕ್ಕಳಿಗೂ ಪಾಲು ಸಿಗತೊಡಗಿತ್ತು. ಪಾಲು ಇದ್ದವನು ಕಾಯುತ್ತಾನೆ.

ಕೂಸಿನೆನ್ ಕರೆಗೆ ಕಾರ್ಮಿಕರು ಓಗೊಡಲಿಲ್ಲ. ಸೋತವರ ಮಕ್ಕಳು ಗೆದ್ದವರ ಮಕ್ಕಳ ಪಕ್ಕದಲ್ಲೇ ನಿಂತರು. ಸುಮಾರು 37 ಲಕ್ಷ ಜನರ ದೇಶ 105 ದಿನ ಸೋವಿಯತ್ ಸೇನೆಯನ್ನು ಎದುರಿಸಿತು. ಕಾರೇಲಿಯಾ ಪ್ರಾಂತ್ಯದ ಬಹುಭಾಗ ಹೋಯಿತು, ಸ್ವಾತಂತ್ರ್ಯ ಉಳಿಯಿತು. ಯುದ್ಧದ ನಡುವೆಯೇ, 1940ರ ಜನವರಿಯಲ್ಲಿ, ಕಾರ್ಖಾನೆ ಮಾಲೀಕರು ಕಾರ್ಮಿಕ ಸಂಘಗಳನ್ನು ಒಪ್ಪಿಕೊಂಡರು. ಅಲ್ಲಿಯವರೆಗೆ ಅವರ ಜೊತೆ ಮಾತಿಗೂ ಕೂರುತ್ತಿರಲಿಲ್ಲ. ಅದೇ ವರ್ಷ ಮ್ಯಾನರ್‌ಹೈಮ್ ತನ್ನ 1918ರ ಗೆಲುವಿನ ಮೆರವಣಿಗೆ ನಿಲ್ಲಿಸಿದರು. ಅದರ ಬದಲು, ಎರಡೂ ಕಡೆ ಸತ್ತವರನ್ನು ನೆನೆಯುವ ದಿನ ಬಂತು.

ಸಮಯ ಆಗುತ್ತಾ ಬಂತು. ಹೇಳಬೇಕು ಅಂದುಕೊಂಡದ್ದು ಇನ್ನೂ ಬಹಳ ಇದೆ, ಬೇಗ ಮುಗಿಸುತ್ತೇನೆ. ಕಾರೇಲಿಯಾದಿಂದ ಮನೆಮಠ ಬಿಟ್ಟು ಬಂದವರು 4 ಲಕ್ಷಕ್ಕೂ ಹೆಚ್ಚು. 1945ರಲ್ಲಿ ಕಾನೂನು ಮಾಡಿ ಅವರಿಗೂ, ಯುದ್ಧದಿಂದ ವಾಪಸ್ ಬಂದ ಸೈನಿಕರಿಗೂ ನೆಲ ಹಂಚಿದರು. ಯಾರದ್ದೋ ಹೊಲದಿಂದ ಕತ್ತರಿಸಿಯೇ ಕೊಡಬೇಕಾಯಿತು, ಗೊಣಗಾಟವೂ ಇತ್ತು. ಆದರೂ ಕೊಟ್ಟರು.

ಈಗಲೂ ಅಲ್ಲಿ ಗಂಡುಮಕ್ಕಳಿಗೆ ಸೇನಾ ತರಬೇತಿ ಕಡ್ಡಾಯ. ಹೆಣ್ಣುಮಕ್ಕಳು ಬೇಕಿದ್ದರೆ ಸೇರಬಹುದು. ಇಷ್ಟು ಹೇಳಿದ ಕೂಡಲೇ ‘ನಮ್ಮಲ್ಲೂ ಕಡ್ಡಾಯ ಮಾಡಿಬಿಡಿ, ಎಲ್ಲ ಸರಿಹೋಗುತ್ತೆ’ ಅನ್ನುವವರಿದ್ದಾರೆ. ಅವರು ಕಥೆಯ ಕೊನೆಯ ಪುಟ ಮಾತ್ರ ಓದಿದವರು. ಅಲ್ಲಿ ಸರ್ಕಾರ ಜನರಿಂದ ಕೇಳುವುದರ ಜೊತೆಗೆ ಜನರನ್ನು ಕಾಯುವ ಏರ್ಪಾಡನ್ನೂ ಮಾಡಿಟ್ಟಿದೆ. 55 ಲಕ್ಷ ಚಿಲ್ಲರೆ ಜನರ ದೇಶದಲ್ಲಿ ಬಾಂಬು ಬಿದ್ದರೆ ಅಡಗಿ ಕೂರಲು ಸುಮಾರು 48 ಲಕ್ಷ ಮಂದಿಗೆ ಆಗುವಷ್ಟು ನೆಲಮಾಳಿಗೆ ಆಸರೆಗಳಿವೆ. ಮಾಮೂಲಿ ದಿನಗಳಲ್ಲಿ ಅವು ಸುಮ್ಮನೆ ಬಿದ್ದಿರುವುದಿಲ್ಲ. ಒಂದರಲ್ಲಿ ಮಕ್ಕಳು ಆಡುತ್ತಾರೆ, ಇನ್ನೊಂದರಲ್ಲಿ ಕಾರು ನಿಲ್ಲಿಸುತ್ತಾರೆ. ಹೆಲ್ಸಿಂಕಿಯಲ್ಲಿ ಬಂಡೆ ಕೊರೆದು ಮಾಡಿದ ಒಂದರಲ್ಲಿ ಈಜುಕೊಳವೇ ಇದೆ. ಯುದ್ಧ ಬಂದರೆ 72 ಗಂಟೆಯೊಳಗೆ ಖಾಲಿ ಮಾಡಿ ಜನರಿಗೆ ತೆರೆದುಕೊಡಬೇಕು ಅಂತ ಕಾನೂನಿದೆ.

ನಮಸ್ಕಾರ.