ಒಂದೇ ಸಾಕು: ಹ್ಯಾಮ್‌ಸ್ಟರ್ ತರುವ ಮುನ್ನ

ಎಲ್ಲರಿಗೂ ನಮಸ್ಕಾರ. ಪರೀಕ್ಷೆಗಳು ಮುಗಿದಿವೆ, ಫಲಿತಾಂಶ ಬರುವ ಹೊತ್ತು. ಇಲ್ಲಿ ಕುಳಿತಿರುವ ತಂದೆ ತಾಯಂದಿರಲ್ಲಿ ಕೆಲವರಾದರೂ "ಒಳ್ಳೆಯ ಅಂಕ ಬಂದರೆ ಹ್ಯಾಮ್‌ಸ್ಟರ್ ಕೊಡಿಸುತ್ತೇನೆ" ಎಂದು ಮಕ್ಕಳಿಗೆ ಮಾತು ಕೊಟ್ಟಿರುತ್ತೀರಿ. ಏಪ್ರಿಲ್‌ನಲ್ಲಿ ಕೊಟ್ಟ ಆ ಮಾತು ಜೂನ್ ಹೊತ್ತಿಗೆ ರಟ್ಟಿನ ಪೆಟ್ಟಿಗೆಯಲ್ಲಿ ಕುಳಿತು ನನ್ನ ಚಿಕಿತ್ಸಾಲಯಕ್ಕೆ ಬರುತ್ತದೆ. ಸ್ನೇಹದಿಂದ ಇರುವ ಹ್ಯಾಮ್‌ಸ್ಟರ್ ತಳಿ ಯಾವುದು ಎಂಬ ಬಗ್ಗೆ ಮಾತನಾಡಬೇಕೆಂದು ಸಂಘಟಕರು ಕೇಳಿದಾಗ ಎರಡು ಬಾರಿ ಯೋಚಿಸದೆ ಒಪ್ಪಿಕೊಂಡದ್ದು ಅದಕ್ಕೇ.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮಗುವಿರುವ ಮನೆಗೆ, ಮೊದಲ ಸಲ ಸಾಕುವವರಿಗೆ, ಸಿರಿಯನ್ ಹ್ಯಾಮ್‌ಸ್ಟರ್. ಚಿನ್ನದ ಬಣ್ಣದ್ದು ಎಂದು ಕೆಲವರು ಕರೆಯುವುದೂ ಅದನ್ನೇ. ಆದರೆ ಒಂದು. ಒಂದು ಗೂಡಿಗೆ ಒಂದೇ. ಈ ಮಾತನ್ನು ಇವತ್ತು ನಾನು ಎಷ್ಟು ಸಲ ಹೇಳುತ್ತೇನೋ ಗೊತ್ತಿಲ್ಲ, ದಯವಿಟ್ಟು ಬೇಸರಿಸಬೇಡಿ.

ಕಳೆದ ಜೂನ್‌ನಲ್ಲಿ ಒಬ್ಬ ತಂದೆ, ಅವರ ಒಂಬತ್ತು ವರ್ಷದ ಮಗಳು ಬಂದಿದ್ದರು. ಅಂಗಡಿಯಲ್ಲಿ ಒಂದನ್ನು ಕೇಳಿದವರಿಗೆ "ಒಂಟಿ ಪ್ರಾಣಿ ಕೊರಗುತ್ತದೆ, ಜೋಡಿ ತೆಗೆದುಕೊಂಡು ಹೋಗಿ" ಎಂದು ಹೇಳಿ ಎರಡು ಕೊಟ್ಟಿದ್ದರು. ಮನೆಗೆ ತಂದಾಗ ಅಜ್ಜಿ ಮೊದಲು ಹಣೆ ಚಚ್ಚಿಕೊಂಡರಂತೆ: "ಇಲಿ ಹಿಡಿಯುವುದಕ್ಕೆ ಬೋನು ಇಡುವ ಮನೆಗೆ ದುಡ್ಡು ಕೊಟ್ಟು ಇಲಿ ತಂದಿರಾ!" ಮಾರನೆಯ ದಿನ ಅದೇ ಅಜ್ಜಿ ಬಾಗಿಲಲ್ಲಿ ನಿಲ್ಲಿಸಿ ಎರಡಕ್ಕೂ ದೃಷ್ಟಿ ತೆಗೆದರಂತೆ. ಮೂರು ವಾರ ಎರಡೂ ಒಂದರ ಮೇಲೊಂದು ಬಿದ್ದುಕೊಂಡು ಮಲಗಿದವು. ಮನೆಯವರೆಲ್ಲ ಅದನ್ನು ನೋಡಿ ಹಿಗ್ಗಿದರು. ಒಂದು ಬೆಳಿಗ್ಗೆ ನೋಡಿದರೆ ಒಂದು ಸತ್ತುಬಿದ್ದಿದೆ, ಇನ್ನೊಂದರ ಕಿವಿ ಹರಿದಿದೆ. ಆ ಬದುಕಿದ್ದನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಹುಡುಗಿ ನನ್ನನ್ನು ಕೇಳಿದಳು: "ಡಾಕ್ಟರೇ, ನಾನು ಊಟ ಕಡಿಮೆ ಹಾಕಿದೆನಾ?"

ಆ ಮಗುವಿನ ತಪ್ಪು ಅದರಲ್ಲಿ ಏನೂ ಇರಲಿಲ್ಲ. ಊಟ ಬೇಕಾದಷ್ಟಿತ್ತು. ಸಿರಿಯನ್ ಹ್ಯಾಮ್‌ಸ್ಟರ್ ಮರಿಗಳು ಐದಾರು ವಾರದ ತನಕ ಒಟ್ಟಿಗೆ ಇರುತ್ತವೆ. ಅಲ್ಲಿಂದ ಮುಂದೆ ಅವು ಒಂಟಿ ಜೀವಿಗಳು, ಒಂದರ ವಾಸನೆ ಇನ್ನೊಂದಕ್ಕೆ ಸಹಿಸುವುದಿಲ್ಲ. ಕಾಡಿನಲ್ಲಾದರೆ ಸೋತದ್ದು ಓಡಿಹೋಗುತ್ತದೆ. ಪಂಜರದಲ್ಲಿ ಓಡುವುದೆಲ್ಲಿಗೆ?

ನಮಗೆ ಜೋಡಿ ಎಂದರೆ ಮಂಗಳ. ಜೋಡೆತ್ತು, ಜೋಡಿ ದೀಪ, ಬಾಳೆಹಣ್ಣನ್ನು ಕೂಡ ಒಂಟಿಯಾಗಿ ಕೊಡುವುದಿಲ್ಲ. ಒಂಟಿಯಾಗಿರುವ ಯಾವ ಜೀವವನ್ನು ಕಂಡರೂ ಅಯ್ಯೋ ಪಾಪ ಎನ್ನುವ ಮನಸ್ಸು ನಮ್ಮದು. ಒಳ್ಳೆಯ ಮನಸ್ಸು, ನಾನು ಅದನ್ನು ಹಳಿಯುವುದಿಲ್ಲ. ಆದರೆ ಆ ಪ್ರಾಣಿಯ ಹುಟ್ಟೂರಿನ ಕಥೆ ಕೇಳಿದರೆ ಅದಕ್ಕೆ ಏಕೆ ಒಂದೇ ಬಿಲ ಬೇಕು ಎಂಬುದು ನಿಮಗೇ ಅರ್ಥವಾಗುತ್ತದೆ.

ಹುಟ್ಟೂರು ಸಿರಿಯಾದ ಅಲೆಪ್ಪೊ. 1839ರಲ್ಲಿ ಜಾರ್ಜ್ ವಾಟರ್‌ಹೌಸ್ ಎಂಬ ಇಂಗ್ಲಿಷ್ ಪ್ರಾಣಿಶಾಸ್ತ್ರಜ್ಞ ಅಲ್ಲಿಂದ ಬಂದ ಒಂದು ಚರ್ಮವನ್ನು ನೋಡಿ ಈ ಪ್ರಾಣಿಯನ್ನು ವರ್ಣಿಸಿದ. ಆಮೇಲೆ ಬಹುಕಾಲ ಹೊರಜಗತ್ತು ಅದನ್ನು ಮರೆತಂತೆಯೇ ಇತ್ತು. 1930ರ ಹೊತ್ತಿಗೆ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಸಾಲ್ ಆಡ್ಲರ್ ಎಂಬ ವಿಜ್ಞಾನಿ ಕಾಲಾ ಅಜಾರ್ ಗುಂಪಿನ ರೋಗಗಳ ಮೇಲೆ ಕೆಲಸ ಮಾಡುತ್ತಿದ್ದ. ಆ ಹೆಸರು ಕೇಳಿದ್ದೀರಿ, ಬಿಹಾರ ಬಂಗಾಳಗಳನ್ನು ಹಿಂಡಿದ ಜ್ವರ ಅದು. ಪ್ರಯೋಗಕ್ಕೆ ಚೀನಾದಿಂದ ಹ್ಯಾಮ್‌ಸ್ಟರ್ ತರಿಸಬೇಕಾಗಿತ್ತು, ಅವು ಅವನ ಬಳಿ ಮರಿ ಹಾಕುತ್ತಿರಲಿಲ್ಲ. ಹತ್ತಿರದಲ್ಲೇ ಇನ್ನೊಂದು ಬಗೆ ಸಿಗಬಹುದೇ ಎಂದು ಇಸ್ರೇಲ್ ಅಹರೋನಿ ಎಂಬ ಸಹೋದ್ಯೋಗಿಯನ್ನು ಕೇಳಿದ. ಅಹರೋನಿ ಅಲೆಪ್ಪೊಗೆ ಹೊರಟ.

ಅಲ್ಲಿಯ ಮುಖಂಡನೊಬ್ಬನ ಒಪ್ಪಿಗೆ ಪಡೆದು ಗೋಧಿಯ ಹೊಲ ಅಗೆಯಲು ತೊಡಗಿದರು. ನಮ್ಮಲ್ಲಿ ಭತ್ತದ ಗದ್ದೆಯ ಬದುವಿನಲ್ಲಿ ಹೆಗ್ಗಣದ ಬಿಲ ಅಗೆದು ತೆನೆ ಹೊರತೆಗೆಯುವುದನ್ನು ಹಳ್ಳಿಯಲ್ಲಿ ಬೆಳೆದವರು ನೋಡಿರುತ್ತೀರಿ. ಅದೇ ರೀತಿ, ಆದರೆ ಪಾಪ, ಆ ರೈತನ ಬೆಳೆದು ನಿಂತ ಹೊಲದ ಬಹುಭಾಗ ಹಾಳಾಯಿತು. ಏಪ್ರಿಲ್ 12ರಂದು, ಸುಮಾರು ಎಂಟು ಅಡಿ ಆಳದಲ್ಲಿ, ಒಂದು ಗೂಡು ಸಿಕ್ಕಿತು. ಒಂದು ತಾಯಿ, ಹನ್ನೊಂದು ಮರಿ. ಎಲ್ಲವನ್ನೂ ಒಂದೇ ಪೆಟ್ಟಿಗೆಗೆ ಹಾಕಿದರು. ಗಾಬರಿಗೊಂಡ ತಾಯಿ ತನ್ನ ಬಳಿಗೆ ಬಂದ ಮರಿಯೊಂದನ್ನು ಕಚ್ಚಿ ಕೊಂದಿತು. ಉಳಿದವಾದರೂ ಬದುಕಲಿ ಎಂದು ತಾಯಿಯನ್ನು ಸಯನೈಡ್ ಬಾಟಲಿಗೆ ಹಾಕಿ ಕೊಂದರು. ಕಣ್ಣು ಕೂಡ ಬಿಡದ ಹತ್ತು ಮರಿಗಳನ್ನು ಅಹರೋನಿ ದಂಪತಿ ಕೈಯಾರೆ ಸಾಕಿದರು. ಕಣ್ಣು ಬಿಟ್ಟವು, ಬಲಿತವು, ಒಂದು ರಾತ್ರಿ ತಪ್ಪಿಸಿಕೊಂಡು ಮನೆಯೆಲ್ಲ ಓಡಾಡಿದವು. ಮಂಚದ ಕೆಳಗೆ, ಬೀರುವಿನ ಹಿಂದೆ ಹುಡುಕಿ ಹಿಡಿಯುವ ಪರದಾಟ ಹ್ಯಾಮ್‌ಸ್ಟರ್ ಸಾಕಿದ ಎಲ್ಲರಿಗೂ ಗೊತ್ತು. ಅದನ್ನು ಮೊದಲು ಪಟ್ಟವರು ಆ ದಂಪತಿ! ಒಂಬತ್ತು ಸಿಕ್ಕವು. ವಿಶ್ವವಿದ್ಯಾಲಯದ ಪ್ರಾಣಿಗೃಹಕ್ಕೆ ಕೊಟ್ಟರು. ಅಲ್ಲಿ ಗೂಡಿನ ನೆಲ ಮರದ್ದಾಗಿತ್ತು, ರಾತ್ರೋರಾತ್ರಿ ಕೊರೆದು ಐದು ಹೊರಬಿದ್ದು ಸತ್ತವು. ಉಳಿದದ್ದು ನಾಲ್ಕು. ಅದರಲ್ಲೂ ಒಂದು ಗಂಡು ತನ್ನ ಒಡಹುಟ್ಟಿದ ಹೆಣ್ಣನ್ನೇ ಕೊಂದಿತು. ಕೊನೆಗೆ ಉಳಿದವುಗಳಿಂದ ಮರಿಗಳಾದವು, ಒಂದು ವರ್ಷದೊಳಗೆ ಸಂಖ್ಯೆ ನೂರನ್ನು ದಾಟಿತು. ಆಡ್ಲರ್ 1931ರಲ್ಲಿ ಕೆಲವನ್ನು ಕೋಟಿನ ಜೇಬಿನಲ್ಲಿ ಇಟ್ಟುಕೊಂಡು ಇಂಗ್ಲೆಂಡಿಗೆ ಹೋದ. ಇವತ್ತು ನಮ್ಮ ಅಂಗಡಿಗಳ ಗಾಜಿನ ಪೆಟ್ಟಿಗೆಗಳಲ್ಲಿ ನಿದ್ರಿಸುತ್ತಿರುವ ಸಿರಿಯನ್ ಹ್ಯಾಮ್‌ಸ್ಟರ್‌ಗಳೆಲ್ಲ ಹೆಚ್ಚುಕಡಿಮೆ ಆ ಒಂದೇ ಬಿಲದ ಸಂತತಿ.

ಈ ಕಥೆಯನ್ನು ನಾನು ಎಲ್ಲಿ ಹೋದರೂ ಹೇಳುತ್ತೇನೆ. ಒಮ್ಮೆ ಗಮನಿಸಿ: ಪೆಟ್ಟಿಗೆಯಲ್ಲಿ ಒಟ್ಟಿಗೆ ಹಾಕಿದಾಗ ತಾಯಿ ಮರಿಯನ್ನು ಕೊಂದಿತು, ಅಣ್ಣ ತಂಗಿಯನ್ನು ಕೊಂದಿತು. ಅವು ಕ್ರೂರಿಗಳೆಂದಲ್ಲ. 1990ರ ದಶಕದ ಕೊನೆಯಲ್ಲಿ ಜರ್ಮನಿಯ ಹಾಲೆ ನಗರದ ವಿಶ್ವವಿದ್ಯಾಲಯದವರು ಮತ್ತೆ ಅಲೆಪ್ಪೊ ಪ್ರದೇಶಕ್ಕೆ ಹೋಗಿ 30 ಬಿಲಗಳನ್ನು ನೋಡಿದರು. ಒಂದೇ ಒಂದು ಬಿಲದಲ್ಲೂ ಎರಡು ಬಲಿತ ಹ್ಯಾಮ್‌ಸ್ಟರ್‌ಗಳು ಇರಲಿಲ್ಲ. ಹುಟ್ಟೂರಿನ ಹೊಲದಲ್ಲೇ ಜೋಡಿಯಾಗಿ ಬಾಳದ್ದನ್ನು ನಾವು ಒಂದೂವರೆ ಅಡಿ ಪಂಜರದಲ್ಲಿ ಜೋಡಿ ಮಾಡುತ್ತೇವೆ.

ಹಾಗಾದರೆ ಅದನ್ನು ಸ್ನೇಹದ ಪ್ರಾಣಿ ಎಂದು ಏಕೆ ಹೇಳಿದೆ? ಅದಕ್ಕೆ ಇನ್ನೊಂದು ಹ್ಯಾಮ್‌ಸ್ಟರ್ ಬೇಡ, ಆದರೆ ನಿಮ್ಮ ಕೈ ಆಗಬಹುದು. ದೊಡ್ಡ ಗಾತ್ರದ್ದು, ಐದಾರು ಅಂಗುಲ ಉದ್ದ, ನೂರರಿಂದ ನೂರೈವತ್ತು ಗ್ರಾಂ ತೂಕ. ಮಗುವಿನ ಬೊಗಸೆಯಲ್ಲಿ ಕೂರುವಷ್ಟು. ನಡೆ ನಿಧಾನ, ಬೆರಳ ಸಂದಿಯಿಂದ ಜಾರಿಹೋಗುವುದಿಲ್ಲ. ಚೆನ್ನಾಗಿ ಪಳಗಿದರೆ ನಿಮ್ಮ ವಾಸನೆ ಗುರುತಿಸಿ ಗೂಡಿನ ಬಾಗಿಲಿಗೆ ಬರುತ್ತದೆ.

ಅಂಗಡಿಯಲ್ಲಿ ಟೆಡ್ಡಿ ಬೇರ್, ಪಾಂಡಾ, ಬ್ಲ್ಯಾಕ್ ಬೇರ್ ಎಂದೆಲ್ಲ ಹೆಸರು ಹೇಳಿ, ಒಂದಕ್ಕಿಂತ ಒಂದಕ್ಕೆ ಹೆಚ್ಚು ಬೆಲೆ ಕೇಳುತ್ತಾರೆ. ಇವೆಲ್ಲ ಸಿರಿಯನ್ನೇ. ಟೆಡ್ಡಿ ಬೇರ್ ಎಂದರೆ ಉದ್ದ ಕೂದಲು, ಉಳಿದವು ಬಣ್ಣ. ಕೂದಲು ಉದ್ದವಾದರೆ ಸ್ವಭಾವ ಮೃದುವಾಗುವುದಿಲ್ಲ, ಬಾಚುವ ಕೆಲಸ ಹೆಚ್ಚಾಗುತ್ತದೆ ಅಷ್ಟೆ.

ಇನ್ನು ಕುಳ್ಳ ಜಾತಿಗಳಿಗೆ ಬರೋಣ. ನಮ್ಮಲ್ಲಿ 'ಡ್ವಾರ್ಫ್' ಎಂದು ಮಾರುವುದು ಬಹುಪಾಲು ಕ್ಯಾಂಪ್‌ಬೆಲ್ ಮತ್ತು ವಿಂಟರ್ ವೈಟ್, ಅಥವಾ ಇವೆರಡರ ಮಿಶ್ರಣ. ಮಂಗೋಲಿಯಾ, ಸೈಬೀರಿಯಾ ಕಡೆಯವು. ವಿಂಟರ್ ವೈಟ್ ಚಳಿಗಾಲದಲ್ಲಿ ಹಗಲು ಕಿರಿದಾದಾಗ ಬೆಳ್ಳಗಾಗುತ್ತದೆ. ಬಿಳಿಯಾಗುತ್ತದೆಂದು ಆಸೆಯಿಂದ ತಂದು, ಆಗಲಿಲ್ಲವೆಂದು ನನ್ನ ಬಳಿ ದೂರು ತಂದವರಿದ್ದಾರೆ. ರಾತ್ರಿ ಹನ್ನೊಂದರವರೆಗೆ ದೀಪ ಉರಿಯುವ ಮನೆಯಲ್ಲಿ ಅದಕ್ಕೆ ಚಳಿಗಾಲ ಬಂದದ್ದು ತಿಳಿಯುವುದಾದರೂ ಹೇಗೆ? ಸ್ವಭಾವ ಕೆಟ್ಟದ್ದಲ್ಲ. ಆದರೆ ಚುರುಕು, ಗಾಬರಿಯಾದರೆ ಥಟ್ಟನೆ ಕಚ್ಚುತ್ತವೆ. ಕ್ಯಾಂಪ್‌ಬೆಲ್‌ಗಳಿಗೆ ಮಧುಮೇಹದ ಒಲವು ಇದೆ, ಹಣ್ಣು, ಬಿಸ್ಕತ್ತು ಕೊಡಲೇಬೇಡಿ. ಇವು ಜೊತೆಯಲ್ಲಿ ಇರಬಲ್ಲವು ಎಂದು ಹೇಳುವವರಿದ್ದಾರೆ, ಕೆಲವೊಮ್ಮೆ ಇರುತ್ತವೆ ಕೂಡ. ಎಷ್ಟು ದಿನ ಎಂದು ಯಾರೂ ಭರವಸೆ ಕೊಡಲಾರರು. ಅಲ್ಲಿಯೂ ನನ್ನ ಮಾತು ಅದೇ: ಒಂದೇ ಸಾಕು.

ರೊಬೊರೊವ್‌ಸ್ಕಿ ಎಲ್ಲಕ್ಕಿಂತ ಚಿಕ್ಕದು. ತೂಕ ಇಪ್ಪತ್ತು, ಇಪ್ಪತ್ತೈದು ಗ್ರಾಂ. ಗೋಬಿ ಮರುಭೂಮಿಯ ಮರಳಿನಲ್ಲಿ ಓಡುವ ಪ್ರಾಣಿ, ನಿಮ್ಮ ಅಂಗೈಯಲ್ಲಿ ಅರೆಕ್ಷಣವೂ ನಿಲ್ಲುವುದಿಲ್ಲ. ಗಾಜಿನ ತೊಟ್ಟಿಯಲ್ಲಿ ಮೀನು ನೋಡುವ ಹಾಗೆ ನೋಡಿ ಸಂತೋಷಪಡುವವರಿಗೆ ಅದಕ್ಕಿಂತ ಚೆಂದದ್ದು ಇಲ್ಲ. ಎತ್ತಿ ಮುದ್ದಾಡುವ ಆಸೆಯ ಆರು ವರ್ಷದ ಮಗುವಿಗೆ ಮಾತ್ರ ಬೇಡ.

ಚೈನೀಸ್ ಹ್ಯಾಮ್‌ಸ್ಟರ್ ಬಗ್ಗೆ ಹೆಚ್ಚು ಹೇಳಲು ಸಮಯವಿಲ್ಲ. ತುಸು ಉದ್ದ ಬಾಲದ, ನಾಚಿಕೆಯ ಪ್ರಾಣಿ. ಆದರೆ ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ. 1957ರಲ್ಲಿ ಅಮೆರಿಕದಲ್ಲಿ ಒಂದು ಚೈನೀಸ್ ಹ್ಯಾಮ್‌ಸ್ಟರ್‌ನ ಅಂಡಾಶಯದಿಂದ ತೆಗೆದು ಬೆಳೆಸಿದ ಜೀವಕೋಶಗಳ ಸಂತತಿ ಇವತ್ತಿಗೂ ಜೀವಂತವಾಗಿದೆ. ಸ್ತನ ಕ್ಯಾನ್ಸರಿಗೆ ಕೊಡುವ ಟ್ರಾಸ್ಟುಜುಮ್ಯಾಬ್‌ನಂತಹ ಔಷಧಿಗಳು ತಯಾರಾಗುವುದು ಅದೇ ಕೋಶಗಳಲ್ಲಿ. ನಿಮ್ಮ ಪರಿಚಯದ ಯಾರಾದರೂ ಅದರಿಂದ ಬದುಕಿರಬಹುದು. ಇಲಿ ಎಂದು ಮೂಗು ಮುರಿಯುವ ಮೊದಲು ಇದು ನೆನಪಿರಲಿ.

ಸಂಘಟಕರಿಂದ ಚೀಟಿ ಬಂದಿದೆ, ಹತ್ತು ನಿಮಿಷ. ಅಲೆಪ್ಪೊದಲ್ಲಿ ಬಹಳ ಹೊತ್ತು ನಿಂತುಬಿಟ್ಟೆ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಅಂಗಡಿಗೆ ಬೆಳಿಗ್ಗೆ ಹೋಗಬೇಡಿ. ಅವು ಸಂಜೆಯಿಂದ ರಾತ್ರಿಗೆ ಎದ್ದಿರುವ ಪ್ರಾಣಿಗಳು. ಮಧ್ಯಾಹ್ನ ಎಬ್ಬಿಸಿದರೆ ಯಾವುದೂ ಸ್ನೇಹ ತೋರುವುದಿಲ್ಲ, ನಾವಾದರೂ ತೋರುತ್ತೇವೆಯೇ? ಏಳು ಗಂಟೆಯ ಮೇಲೆ ಹೋಗಿ. ಕೈಯನ್ನು ಮೇಲಿನಿಂದ ಹಾಕಬೇಡಿ, ಹದ್ದು ಬಂದ ಹಾಗಾಗುತ್ತದೆ. ನೆಲಮಟ್ಟದಲ್ಲಿ ಅಂಗೈ ಇಟ್ಟು ಸುಮ್ಮನಿರಿ. ಮೂಸಿ ನೋಡಿ ಅಲ್ಲೇ ನಿಲ್ಲುವ ಮರಿ ನಿಮ್ಮದು. ಬಾಲದ ಸುತ್ತ ಒಣಗಿರಬೇಕು. ಒದ್ದೆಯಾಗಿದ್ದರೆ ತೀವ್ರ ಭೇದಿ, ಎರಡೇ ದಿನದಲ್ಲಿ ಪ್ರಾಣ ಹೋಗಬಹುದು. ಆ ಪೆಟ್ಟಿಗೆಯಿಂದ ಯಾವುದನ್ನೂ ತರಬೇಡಿ. ಗಂಡು ಹೆಣ್ಣು ಬೇರೆ ಬೇರೆ ಇಟ್ಟಿದ್ದಾರೆಯೇ ನೋಡಿ. ಸಿರಿಯನ್‌ನ ಗರ್ಭಾವಧಿ 16 ದಿನ ಮಾತ್ರ. ಒಂದು ತಂದವರ ಮನೆಯಲ್ಲಿ ಎರಡು ವಾರ ಕಳೆಯುವಷ್ಟರಲ್ಲಿ ಒಂಬತ್ತು ಆಗಿರುವುದನ್ನು ನಾನು ಕಂಡಿದ್ದೇನೆ. ಅಂಗಡಿ ನೋಂದಣಿಯಾಗಿದೆಯೇ ಎಂದೂ ಕೇಳಿ, ಸಾಕುಪ್ರಾಣಿ ಅಂಗಡಿಗಳಿಗೆ 2018ರಿಂದ ನಿಯಮವಿದೆ.

ಗೂಡಿನ ನೆಲ ಮೂರಡಿಗಿಂತ ಉದ್ದ, ಒಂದೂವರೆ ಅಡಿಗಿಂತ ಅಗಲ ಇರಲಿ. ಬಟ್ಟೆ ಇಡುವ ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆಗೆ ಜಾಲರಿಯ ಕಿಟಕಿ ಮಾಡಿದರೂ ನಡೆಯುತ್ತದೆ. ಒಳಗೆ ಒಂದು ಗೇಣು ಆಳ ಕಾಗದದ ಚೂರು ತುಂಬಿ, ಅದು ಬಿಲ ಕೊರೆಯಲಿ. ಪ್ರೀತಿಯಿಂದ ಹತ್ತಿ ಹಾಸುತ್ತೀರಿ, ಬೇಡ. ಎಳೆಗಳು ಕಾಲಿಗೆ ಸುತ್ತಿಕೊಂಡು ರಕ್ತ ನಿಲ್ಲುತ್ತದೆ. ಓಡುವ ಚಕ್ರ ಸಿರಿಯನ್‌ಗೆ ಹನ್ನೊಂದು ಅಂಗುಲದ್ದು, ಕಂಬಿಗಳಿಲ್ಲದ್ದು. ನವಣೆ, ಸಜ್ಜೆ, ಒಂದು ಚೂರು ಸೌತೆಕಾಯಿ. ಚಕ್ಕುಲಿ ಬೇಡ, ಈರುಳ್ಳಿ ಬೇಡ.

ಕಲಬುರಗಿ, ರಾಯಚೂರಿನ ಬಂಧುಗಳಿಗೆ ಉಡುಗೊರೆ ಕೊಡಲು ಯೋಚಿಸಿರುವವರು ದಯವಿಟ್ಟು ಕೈಬಿಡಿ. ಮೂವತ್ತು ಡಿಗ್ರಿ ದಾಟಿದರೆ ಈ ಪ್ರಾಣಿಗೆ ಸಂಕಟ, ಅಲ್ಲಿ ಬೇಸಿಗೆ ನಲವತ್ತು ದಾಟುತ್ತದೆ. ನಮ್ಮ ಮೈಸೂರಿನಲ್ಲಿಯೂ ಏಪ್ರಿಲ್, ಮೇ ತಿಂಗಳಲ್ಲಿ ಮಣ್ಣಿನ ಕುಡಿಕೆಯೊಂದನ್ನು ಮಗ್ಗುಲಾಗಿ ಒಳಗಿಡಿ, ತಂಪಿಗೆ ಅದರಲ್ಲಿ ಹೋಗಿ ಮಲಗುತ್ತದೆ.

ಪಳಗಿಸುವ ಬಗ್ಗೆ ಒಂದು ಪುಟ ಬರೆದು ತಂದಿದ್ದೆ, ಅದನ್ನು ಓದುವುದಿಲ್ಲ. ಆ ಹುಡುಗಿ ಮಾಡಿದ್ದನ್ನು ಹೇಳುತ್ತೇನೆ. ಕಿವಿ ಹರಿದ ಹ್ಯಾಮ್‌ಸ್ಟರ್ ವಾಸಿಯಾದ ಮೇಲೆ ಅವಳು ಒಂದು ವಾರ ಅದನ್ನು ಮುಟ್ಟಲೇ ಇಲ್ಲ. ದಿನವೂ ರಾತ್ರಿ ಎಂಟೂವರೆಗೆ ಗೂಡಿನ ಪಕ್ಕ ನೆಲದ ಮೇಲೆ ಕುಳಿತು ಶಾಲೆಯ ಪಾಠವನ್ನು ಮೆಲ್ಲಗೆ ಓದುತ್ತಿದ್ದಳು, ದನಿ ಪರಿಚಯವಾಗಲಿ ಎಂದು. ಎರಡನೆಯ ವಾರ ಅಂಗೈಯಲ್ಲಿ ಒಂದು ಕುಂಬಳದ ಬೀಜ. ಅದು ಬಂದು, ಬೀಜ ಕಸಿದು, ಕೆನ್ನೆಯ ಚೀಲದಲ್ಲಿ ತುರುಕಿಕೊಂಡು ಓಡಿತು. ಹದಿನೈದು ದಿನ ಹಾಗೆಯೇ. ಆಮೇಲೆ ಒಂದು ರಾತ್ರಿ ಓಡಲಿಲ್ಲ, ಅಂಗೈಯ ಮೇಲೆಯೇ ಕುಳಿತು ಸಿಪ್ಪೆ ಬಿಡಿಸಿ ತಿಂದಿತು. ಅವಳ ತಂದೆ ಆ ವಿಡಿಯೊವನ್ನು ನನಗೆ ಕಳುಹಿಸಿದರು. ಹಿನ್ನೆಲೆಯಲ್ಲಿ ಅಜ್ಜಿಯ ದನಿ ಕೇಳುತ್ತದೆ: "ಸದ್ದು ಮಾಡಬೇಡಿ, ಮಗು ತಿನ್ನುತ್ತಿದೆ."

ಸಭಾಂಗಣವನ್ನು ಏಳಕ್ಕೆ ಬಿಟ್ಟುಕೊಡಬೇಕಂತೆ. ಮೊದಲ ಸಾಲಿನಲ್ಲಿ ಆಗಿನಿಂದ ಕೈ ಎತ್ತಿಕೊಂಡು ಕುಳಿತಿರುವ ಆ ಪುಟ್ಟ ಹುಡುಗನ ಪ್ರಶ್ನೆಯನ್ನು ಮೊದಲು ಕೇಳೋಣ. ಹೇಳಪ್ಪ.