ಮೊದಲು ಪುಸ್ತಕ, ಆಮೇಲೆ ಸ್ಪ್ಯಾನರ್

ನಮಸ್ಕಾರ. ಕಾರಿನ ಬಗ್ಗೆ ಮಾತಾಡಲು ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಸಾಲುವುದಿಲ್ಲ ಅಂದೆ. ಅವರು ನಕ್ಕು ಸುಮ್ಮನಾದರು. ಹಾಗಾಗಿ ಒಂದೇ ಮಾತು ಹೇಳುತ್ತೇನೆ: ಕಾರಿಗೆ ಏನನ್ನೇ ಹಾಕಿಸುವ ಮೊದಲು ನಿಯಮದ ಪುಸ್ತಕ ಓದಿ. ಇದನ್ನೇ ಇನ್ನೂ ಮೂರ್ನಾಲ್ಕು ಸಲ ಹೇಳುವವನಿದ್ದೇನೆ, ಬೇಜಾರು ಮಾಡ್ಕೋಬೇಡಿ.

ನಾನು ಮಾತಾಡುತ್ತಿರುವುದು ಅಮೆರಿಕದ ಸೋಲೋ ಸ್ಪರ್ಧೆಯ ಬಗ್ಗೆ. ಆಟೋಕ್ರಾಸ್ ಅಂತಲೂ ಕರೆಯುತ್ತಾರೆ. ಅಲ್ಲಿಗೆ ಕೆಲಸಕ್ಕೆ ಹೋದ ನಮ್ಮ ಹುಡುಗ ಹುಡುಗಿಯರು ಭಾನುವಾರ ಇದಕ್ಕೆ ಬರುತ್ತಾರೆ. ಅವರ ಅಪ್ಪ ಅಮ್ಮ ಹಾಸನದಲ್ಲೋ ದಾವಣಗೆರೆಯಲ್ಲೋ ಕೂತು ಇದನ್ನು ಕೇಳುತ್ತಿರಬಹುದು. ರೇಸ್ ಅಂದ ಕೂಡಲೇ ಗಾಬರಿ ಬೀಳಬೇಡಿ. ದೊಡ್ಡ ಪಾರ್ಕಿಂಗ್ ಜಾಗ, ಇಲ್ಲವೇ ಹಳೇ ವಿಮಾನ ನಿಲ್ದಾಣದ ಕಾಂಕ್ರೀಟ್ ನೆಲ. ಕಿತ್ತಳೆ ಬಣ್ಣದ ಕೋನ್‌ಗಳನ್ನು ಇಟ್ಟು ದಾರಿ ಮಾಡಿರುತ್ತಾರೆ. ಪಕ್ಕದಲ್ಲಿ ಇನ್ನೊಂದು ಕಾರು ಇರುವುದಿಲ್ಲ, ಪೈಪೋಟಿ ಗಡಿಯಾರದ ಜೊತೆ ಮಾತ್ರ. ಒಂದು ಓಟ ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಮುಗಿಯುತ್ತದೆ. ಕೋನ್ ಬೀಳಿಸಿದರೆ 2 ಸೆಕೆಂಡ್ ದಂಡ. ದಾರಿ ತಪ್ಪಿದರೆ ಆ ಓಟ ಲೆಕ್ಕಕ್ಕಿಲ್ಲ. ನಡೆಸುವವರು ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ, 1944ರಲ್ಲಿ ಹುಟ್ಟಿದ ಸಂಸ್ಥೆ. 1973ರಲ್ಲಿ ಮೊದಲ ಬಾರಿ ಸೋಲೋ ರಾಷ್ಟ್ರೀಯ ಸ್ಪರ್ಧೆ ನಡೆಸಿದರು. ಈಗ ನೆಬ್ರಾಸ್ಕಾದ ಲಿಂಕನ್ ಊರಲ್ಲಿ ನಡೆಯುವ ಆ ಸ್ಪರ್ಧೆಗೆ ಸಾವಿರಕ್ಕೂ ಜಾಸ್ತಿ ಜನ ಸೇರುತ್ತಾರೆ.

ಸರಿ, ಕಾರುಗಳನ್ನು ವಿಂಗಡಿಸುವುದು ಹೇಗೆ? ದಸರಾ ಕುಸ್ತಿಗೆ ಮೊದಲು ಪೈಲ್ವಾನರಿಗೆ ಜೋಡಿ ಕಟ್ಟುತ್ತಾರಲ್ಲ, ಇಲ್ಲೂ ಸಮಬಲದವರನ್ನು ಹುಡುಕಿ ಒಂದು ಕ್ಲಾಸಿಗೆ ಹಾಕುತ್ತಾರೆ. ನಮ್ಮವರು ಕೂಡಲೇ ಕೇಳುವುದು, "ಎಷ್ಟು ಸಿಸಿ ಸಾರ್?" ನಮ್ಮ ದೇಶದ ಸ್ಪರ್ಧೆಗಳಲ್ಲಿ ಹೆಚ್ಚಾಗಿ ಸಿಸಿ ಲೆಕ್ಕದಲ್ಲೇ ಕ್ಲಾಸು ಮಾಡುವುದರಿಂದ ಆ ಅಭ್ಯಾಸ. ಸೋಲೋದ ಸ್ಟ್ರೀಟ್ ಕ್ಲಾಸುಗಳಲ್ಲಿ ಸಿಸಿ ಬದಿಗಿಡಿ. ಲೋಟಸ್ ಎಲೀಸ್ ಅನ್ನೋ ಪುಟ್ಟ ಕಾರಿದೆ. ಅಮೆರಿಕದಲ್ಲಿ ಮಾರಿದ ಎಲೀಸ್‌ನಲ್ಲಿದ್ದದ್ದು ಟೊಯೋಟಾದ 1.8 ಲೀಟರ್ ಎಂಜಿನ್. ಅದೇ ಎಂಜಿನ್ ಕೊರೊಲಾದ ಒಂದು ಮಾದರಿಯಲ್ಲೂ ಇತ್ತು. ಸಿಸಿ ಒಂದೇ. ಆದರೆ ಎಲೀಸ್ ತೂಕ ಸುಮಾರು 900 ಕಿಲೋ, ಎಂಜಿನ್ ಸೀಟಿನ ಹಿಂದೆ, ನೆಲಕ್ಕೆ ಅಂಟಿಕೊಂಡ ಕಾರು. ಕೋನ್‌ಗಳ ಮಧ್ಯೆ ಕೊರೊಲಾ ಅದರ ಹತ್ತಿರವೂ ಸುಳಿಯುವುದಿಲ್ಲ. ಇವೆರಡನ್ನೂ ಸಿಸಿ ನೋಡಿ ಒಂದೇ ಕ್ಲಾಸಿಗೆ ಹಾಕಿದರೆ ಕೊರೊಲಾದವನು ಎರಡನೇ ವಾರ ಬರುವುದಿಲ್ಲ.

ಅದಕ್ಕೇ ಅವರು ಕಂಪನಿ, ಮಾದರಿ, ವರ್ಷ ನೋಡಿ ಒಂದೊಂದೇ ಕಾರಿನ ಹೆಸರು ಬರೆದಿಟ್ಟಿದ್ದಾರೆ. ಇದು ಸ್ಟ್ರೀಟ್ ವಿಭಾಗ. ಮೇಲೆ ಸೂಪರ್ ಸ್ಟ್ರೀಟ್, ಅದರ ಕೆಳಗೆ ಎ ಇಂದ ಎಚ್ ತನಕ. ಪೋರ್ಶೆ ಜಿಟಿ3 ಥರದವು ಮೇಲ್ತುದಿಯಲ್ಲಿ, ಸಾದಾ ಹೋಂಡಾ ಸಿವಿಕ್ ಥರದವು ಎಚ್ ಸ್ಟ್ರೀಟ್‌ನಲ್ಲಿ.

ಈಗ ಮುಖ್ಯ ವಿಷಯ. ಸ್ಟ್ರೀಟ್ ಅಂದರೆ ಹೆಚ್ಚುಕಡಿಮೆ ಕಂಪನಿಯಿಂದ ಬಂದ ಹಾಗೇ ಇರುವ ಕಾರು. ಶಾಕ್ ಅಬ್ಸಾರ್ಬರ್ ಬದಲಿಸಬಹುದು. ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸರಳು, ಆಂಟಿ-ರೋಲ್ ಬಾರ್, ಒಂದನ್ನು, ಮುಂದಿನದೋ ಹಿಂದಿನದೋ, ಬದಲಿಸಬಹುದು. ಬ್ರೇಕ್ ಪ್ಯಾಡ್ ಬದಲಿಸಬಹುದು. ವೀಲ್ ಬದಲಿಸಬಹುದು, ಅಗಲ ಮಾತ್ರ ಕಂಪನಿಯದ್ದೇ ಇರಬೇಕು. ಟೈರಿನ ಪಕ್ಕದಲ್ಲಿ ಟ್ರೆಡ್‌ವೇರ್ ಅಂತ ಒಂದು ಸಂಖ್ಯೆ ಅಚ್ಚಾಗಿರುತ್ತದೆ, ಕಡಿಮೆ ಇದ್ದಷ್ಟೂ ಟೈರು ಬೇಗ ಸವೆಯುತ್ತದೆ ಅಂತ ಅರ್ಥ, ಅದು 200ಕ್ಕಿಂತ ಕಡಿಮೆ ಇರಬಾರದು. ಮೊದಲು ಈ ವಿಭಾಗಕ್ಕೆ ಸ್ಟಾಕ್ ಅಂತ ಹೆಸರಿತ್ತು, ರೇಸ್ ಟೈರಿಗೂ ಅವಕಾಶ ಇತ್ತು. ಒಂದೇ ಋತುವಿನಲ್ಲಿ ಸವೆದುಹೋಗುವ ಟೈರಿಗೆ ಜನ ಸಂಬಳ ಸುರಿಯುತ್ತಿದ್ದರು. 2014ರಲ್ಲಿ ಅದನ್ನು ಬಿಡಿಸಿ ಹೆಸರನ್ನೂ ಸ್ಟ್ರೀಟ್ ಅಂತ ಮಾಡಿದರು. ಒಳ್ಳೇ ಕೆಲಸ ಮಾಡಿದರು.

ನಮ್ಮ ಶಿವಮೊಗ್ಗ ಕಡೆಯ ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಡೆಟ್ರಾಯಿಟ್ ಹತ್ತಿರ ಕೆಲಸ, ಒಳ್ಳೇ ಹುಡುಗ. ಹಳೇ ಮಾಜ್ದಾ ಮಿಯಾಟಾ ಕೊಂಡಿದ್ದ. ಸ್ವಿಚ್ ಒತ್ತಿದರೆ ಹೆಡ್‌ಲೈಟ್ ಮೇಲೇಳುತ್ತದಲ್ಲ, ಆ 90ರ ದಶಕದ ಕೆಂಪು ಕಾರು. ಇ ಸ್ಟ್ರೀಟ್ ಕ್ಲಾಸು. ಮೊದಲ ವರ್ಷವೇ ಚೆನ್ನಾಗಿ ಓಡಿಸಿದ. ಆಮೇಲೆ ಚಳಿಗಾಲ ಬಂತು. ಅಲ್ಲಿ ಹಿಮ ಬಿದ್ದರೆ ಸ್ಪರ್ಧೆ ಇಲ್ಲ. ಗ್ಯಾರೇಜಿನಲ್ಲಿ ಕೂತು ಕಾರು ನೋಡ್ತಾ ನೋಡ್ತಾ ಇವನಿಗೆ ಅನಿಸಿತಂತೆ, ಕಾರು ಸ್ವಲ್ಪ ಎತ್ತರ ಆಯ್ತು, ತಗ್ಗಿಸಿದರೆ ಲುಕ್ ಬರುತ್ತೆ ಅಂತ. ಇಂಟರ್ನೆಟ್‌ನಲ್ಲಿ ಗಿಡ್ಡ ಸ್ಪ್ರಿಂಗ್ ತರಿಸಿದ. ಬೆರಳ ಗಿಣ್ಣು ತರಚಿಕೊಂಡು ನಾಲ್ಕೂ ಚಕ್ರಕ್ಕೆ ಅವನೇ ಹಾಕಿದ.

ಏಪ್ರಿಲ್‌ನಲ್ಲಿ ಮೊದಲ ಸ್ಪರ್ಧೆ. ಬೆಳಿಗ್ಗೆ ಸಾಲಿನಲ್ಲಿ ಬರುವ ಕಾರುಗಳ ತಪಾಸಣೆ ಮಾಡುತ್ತಿದ್ದವನು ನಾನೇ. ಬಾಗಿಲ ಮೇಲೆ ನೀಲಿ ಟೇಪಿನಲ್ಲಿ ನೀಟಾಗಿ ನಂಬರ್ ಅಂಟಿಸಿದ್ದಾನೆ, ಪಕ್ಕದಲ್ಲಿ ಇ.ಎಸ್., ಅಂದರೆ ಇ ಸ್ಟ್ರೀಟ್. ನಾನು ಬಗ್ಗಿ ಮುಂದಿನ ಚಕ್ರದ ಒಳಗೆ ಟಾರ್ಚ್ ಬಿಟ್ಟೆ. ಕಂಪನಿ ಸ್ಪ್ರಿಂಗ್ ಕಪ್ಪಗಿರಬೇಕು. ಇಲ್ಲಿ ಅರಿಸಿನ ಬಣ್ಣ ಫಳಫಳ ಅಂತಿದೆ.

"ಇದೇನಪ್ಪಾ?" ಅಂದೆ.

"ಸುಮ್ನೆ ಶೋಗೆ ಹಾಕಿದ್ದು ಸಾರ್, ಸ್ಪೀಡಿಗಲ್ಲ."

"ಸ್ಟ್ರೀಟ್‌ನಲ್ಲಿ ಸ್ಪ್ರಿಂಗ್ ಮುಟ್ಟೋ ಹಾಗಿಲ್ಲ ಕಣಯ್ಯಾ."

"ಬೇಡ ಅಂತ ಎಲ್ಲಿ ಬರೆದಿದೆ ಸಾರ್?"

ಎಲ್ಲರೂ ಜಾರುವುದು ಇಲ್ಲೇ, ಸ್ವಲ್ಪ ಕಿವಿಗೊಟ್ಟು ಕೇಳಿ. ಆ ಪುಸ್ತಕ ಬರೆದಿರುವ ರೀತಿಯೇ ಬೇರೆ. ಮಾಡಬಹುದು ಅಂತ ಬರೆದಿದ್ದರೆ ಮಾಡಬಹುದು. ಬರೆದಿಲ್ಲವಾ, ಮಾಡುವ ಹಾಗಿಲ್ಲ. "ಬೇಡ ಅಂದಿಲ್ಲ ಅಲ್ವಾ" ಅನ್ನುವ ನಮ್ಮ ಹಳೇ ವಾದ ಅಲ್ಲಿ ನಡೆಯುವುದಿಲ್ಲ.

ಟೇಪು ಕೀಳಿಸಿದೆ. ಹುಡುಗ ಸ್ಟ್ರೀಟ್ ಟೂರಿಂಗ್ ವಿಭಾಗಕ್ಕೆ ಹೋದ. ಅಲ್ಲಿ ಸ್ಪ್ರಿಂಗ್ ಬದಲಿಸಬಹುದು, ನಿಜ. ಆದರೆ ಅಲ್ಲಿದ್ದವರು ಸ್ಪ್ರಿಂಗ್ ಒಂದೇ ಬದಲಿಸಿ ಬಂದವರಲ್ಲ. ಅಗಲದ ವೀಲು, ಎಂಜಿನ್‌ಗೆ ಗಾಳಿ ಎಳೆಯುವ ಬೇರೆ ಇನ್‌ಟೇಕು, ಹೊಗೆ ಹೊರಗೆ ಹೋಗುವ ಬೇರೆ ಹೆಡರು, ಕಂಪ್ಯೂಟರ್ ಟ್ಯೂನಿಂಗು, ಎಲ್ಲ ಮುಗಿಸಿ ಬಂದವರು. ಇವನು ಒಂದು ಬದಲಾವಣೆ ಮಾಡಿ, ಹತ್ತು ಮಾಡಿದವರ ಎದುರು ನಿಂತ. ಕೊನೆಯ ಸ್ಥಾನ. ಇನ್ನೂ ಬೇಜಾರಿನ ಸಂಗತಿ ಅಂದರೆ, ಆ ಸ್ಪ್ರಿಂಗಿನಿಂದ ಕಾರು ವೇಗವೂ ಆಗಲಿಲ್ಲ. ಮಿಯಾಟಾದಲ್ಲಿ ಸಸ್ಪೆನ್ಷನ್ ಮೇಲೆ ಕೆಳಗೆ ಆಡಲು ಇರುವ ಜಾಗವೇ ಕಡಿಮೆ. ತಗ್ಗಿಸಿದ ಮೇಲೆ ಪ್ರತಿ ತಿರುವಿನಲ್ಲೂ ಒಳಗಿನ ರಬ್ಬರ್ ತಡೆಗೆ ಹೊಡೆದುಕೊಂಡು ಕಾರು ಕುಪ್ಪಳಿಸುತ್ತಿತ್ತು.

ಹೋಗಲಿ, ಹಳೇ ಸ್ಪ್ರಿಂಗ್ ವಾಪಸ್ ಹಾಕು ಅಂದೆ. ಎಲ್ಲಿದೆ? ರೂಮ್‌ಮೇಟ್ ಕಬ್ಬಿಣದ ಕಸ ಅಂತ ಎತ್ತಿ ಬಿಸಾಕಿದ್ದ! ಹಳೇ ಕಾರಿನ ಗುಜರಿಗಳನ್ನು ಸುತ್ತಿ, ತುಕ್ಕು ಹಿಡಿಯದ ನಾಲ್ಕು ಹುಡುಕುವಷ್ಟರಲ್ಲಿ ಬೇಸಿಗೆ ಅರ್ಧ ಕಳೆದಿತ್ತು. ಪುಸ್ತಕದಲ್ಲಿ ಆ ಭಾಗ ಓದಲು ಎಷ್ಟು ಹೊತ್ತು ಬೇಕಿತ್ತು ಹೇಳಿ? ಒಂದು ಕಾಫಿ ಆರುವುದರೊಳಗೆ ಮುಗಿಯುತ್ತೆ. ಮೊದಲು ಓದಿ, ಆಮೇಲೆ ದುಡ್ಡು ಕೊಡಿ.

ಸ್ಟುಡಿಯೋದ ಗಾಜಿನ ಆಚೆಯಿಂದ ಕೈಗಡಿಯಾರ ತೋರಿಸುತ್ತಿದ್ದಾರೆ. ಉಳಿದದ್ದನ್ನು ಓಡಿಸಿಬಿಡುತ್ತೇನೆ. ಸ್ಟ್ರೀಟ್ ಟೂರಿಂಗ್ ಆದ ಮೇಲೆ ಸ್ಟ್ರೀಟ್ ಪ್ರಿಪೇರ್ಡ್, ಅಲ್ಲಿ ರೇಸ್ ಟೈರ್ ನಡೆಯುತ್ತದೆ. ಸ್ಟ್ರೀಟ್ ಮಾಡಿಫೈಡ್‌ನಲ್ಲಿ ಎಂಜಿನ್ನೇ ಬದಲಿಸಿರುತ್ತಾರೆ, ಟರ್ಬೋ ಕೂರಿಸಿರುತ್ತಾರೆ. ಪ್ರಿಪೇರ್ಡ್, ಮಾಡಿಫೈಡ್ ಅಂದರೆ ಟ್ರೇಲರ್ ಮೇಲೆ ಬರುವ ಗಾಡಿಗಳು, ನಿಮಗೆ ಸದ್ಯಕ್ಕೆ ಬೇಡ. ಮಸ್ಟಾಂಗ್, ಕಮಾರೋ ಥರದ ಅಮೆರಿಕನ್ ಗಾಡಿಗಳಿಗೆ ಕ್ಯಾಮ್, ಅಂದರೆ ಕ್ಲಾಸಿಕ್ ಅಮೆರಿಕನ್ ಮಸಲ್, ಅಂತ ಬೇರೆಯೇ ವಿಭಾಗ ಇದೆ. ರಾಷ್ಟ್ರೀಯ ಸ್ಪರ್ಧೆಯಲ್ಲಿ ಹೆಣ್ಣುಮಕ್ಕಳಿಗೆ ಪ್ರತ್ಯೇಕ ಕ್ಲಾಸುಗಳಿವೆ, ಇಷ್ಟವಿದ್ದರೆ ಎಲ್ಲರ ಜೊತೆಯೂ ಓಡಿಸಬಹುದು. ಅಗಲಕ್ಕಿಂತ ಎತ್ತರ ಜಾಸ್ತಿ ಇರುವ ಗಾಡಿಯನ್ನು ಬಿಡುವುದಿಲ್ಲ, ಮಗುಚಿಕೊಳ್ಳುತ್ತದೆ. ಕೇಳಿ ಸಿಟ್ಟಾಗಬೇಡಿ.

ಬೇರೆ ಬೇರೆ ಕ್ಲಾಸಿನವರನ್ನು ಹೋಲಿಸಲು ಪ್ಯಾಕ್ಸ್ ಅನ್ನುವ ಲೆಕ್ಕವಿದೆ. ಪ್ರತಿ ಕ್ಲಾಸಿಗೂ ಒಂದು ಗುಣಕ. ಅತಿ ವೇಗದ ಎ ಮಾಡಿಫೈಡ್‌ಗೆ 1, ಉಳಿದವಕ್ಕೆ ಅದಕ್ಕಿಂತ ಕಡಿಮೆ. ನಿಮ್ಮ ಸಿವಿಕ್ 50 ಸೆಕೆಂಡ್ ತಗೊಂಡಿತು, ಗುಣಕ 0.8 ಅಂತ ಇಟ್ಟುಕೊಳ್ಳಿ, 40 ಆಯ್ತು. ಎ ಮಾಡಿಫೈಡ್‌ನವನು 42ರಲ್ಲಿ ಮುಗಿಸಿದ್ದರೂ ಗೆದ್ದವರು ನೀವೇ. ಈ ಲೆಕ್ಕದ ಬಗ್ಗೆ ಪ್ರತಿ ಭಾನುವಾರ ಜಗಳ ನಡೆಯುತ್ತದೆ. ಅದನ್ನು ಹೇಳಲು ಇನ್ನೊಂದು ದಿನ ಕರೆಯಬೇಕು ನನ್ನನ್ನು.

ಮೊದಲ ಸಲ ಹೋಗುವವರು ಏನೂ ಹಾಕಿಸಬೇಡಿ, ಇರುವ ಕಾರನ್ನು ಇರುವ ಹಾಗೇ ತನ್ನಿ. ಹೆಲ್ಮೆಟ್ ಇಲ್ಲದಿದ್ದರೆ ಸಾಮಾನ್ಯವಾಗಿ ಕ್ಲಬ್‌ನವರೇ ಆ ದಿನಕ್ಕೆ ಕೊಡುತ್ತಾರೆ, ಮೊದಲೇ ಕೇಳಿಕೊಳ್ಳಿ. ಬ್ಯಾಟರಿ ಅಲ್ಲಾಡಬಾರದು. ಕಾಲ ಕೆಳಗಿನ ಮ್ಯಾಟ್ ತೆಗೆದಿಡಿ. ಡಿಕ್ಕಿ ಪೂರ್ತಿ ಖಾಲಿ ಇರಬೇಕು. ಇಂಡಿಯನ್ ಅಂಗಡಿಯಿಂದ ತಂದ ಸೋನಾ ಮಸೂರಿ ಮೂಟೆಯನ್ನು ಹಿಂದೆಯೇ ಬಿಟ್ಟುಕೊಂಡು ಸಾಲಿಗೆ ಬರುವವರು ಪ್ರತಿ ವರ್ಷ ಒಬ್ಬರಾದರೂ ಇರುತ್ತಾರೆ, ದಯವಿಟ್ಟು ಹಿಂದಿನ ರಾತ್ರಿಯೇ ಮನೆಯಲ್ಲಿಳಿಸಿ. ನಮಸ್ಕಾರ.