ಅಂಟಿನ ದಪ್ಪಕ್ಕೂ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಹೊಟ್ಟೆಯ ಸ್ಕ್ಯಾನಿಂಗ್ ಮಾಡುವಾಗ ಡಾಕ್ಟರು ಚರ್ಮದ ಮೇಲೆ ಒಂದು ಹಿಡಿಕೆ ಆಡಿಸುತ್ತಾರಲ್ಲ, ಅದರ ತುದಿಯಲ್ಲಿರುವುದೇ ಟ್ರಾನ್ಸ್‌ಡ್ಯೂಸರ್. ವಿದ್ಯುತ್ ಕೊಟ್ಟರೆ ನಡುಗಿ ಸದ್ದು ಹೊರಡಿಸುತ್ತದೆ. ಆ ಸದ್ದು ಮರಳಿ ಬಂದು ತಾಗಿದರೆ ವಿದ್ಯುತ್ ಕೊಡುತ್ತದೆ. ಬಾಯಿಯೂ ಅದೇ, ಕಿವಿಯೂ ಅದೇ. ಒತ್ತಿದರೆ ಕೆಲವು ಹರಳುಗಳಲ್ಲಿ ವಿದ್ಯುತ್ ಹುಟ್ಟುತ್ತದೆ ಎಂದು 1880ರಲ್ಲಿ ತೋರಿಸಿದವರು ಅಣ್ಣತಮ್ಮಂದಿರಾದ ಜಾಕ್ ಮತ್ತು ಪಿಯರ್ ಕ್ಯೂರಿ.

ಹೊಟ್ಟೆ ನೋಡಲು 3ರಿಂದ 5 ಮೆಗಾಹರ್ಟ್ಸ್, ಅಂದರೆ ಸೆಕೆಂಡಿಗೆ 30ರಿಂದ 50 ಲಕ್ಷ ನಡುಕ, ಸಾಕು. ಕಣ್ಣಿನ ಮುಂಭಾಗ, ಚರ್ಮದ ಪದರ, ರಕ್ತನಾಳದ ಒಳಗೋಡೆ ಇವಕ್ಕೆಲ್ಲ ಅದು ತೀರಾ ಒರಟು. ಅಲೆಯ ಉದ್ದಕ್ಕಿಂತ ಬಹಳ ಸಣ್ಣದನ್ನು ಆ ಅಲೆ ಬಿಡಿಸಿ ತೋರಿಸಲಾರದು. ಮೈಯೊಳಗೆ ಸದ್ದಿನ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. 5 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಸುಮಾರು 300 ಮೈಕ್ರಾನ್; ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. 50ಕ್ಕೆ ಏರಿಸಿದರೆ ಬರೀ 30 ಮೈಕ್ರಾನ್, ಕೂದಲೆಳೆಗಿಂತ ಸಪೂರ. ಚಿತ್ರವೇನೋ ನವಿರಾಗುತ್ತದೆ, ಆದರೆ ಸದ್ದು ಕೆಲವೇ ಮಿಲಿಮೀಟರ್ ಒಳಗೆ ಹೋಗುವಷ್ಟರಲ್ಲಿ ಸೋತುಹೋಗುತ್ತದೆ. ಕಣ್ಣಿಗೆ ಅಷ್ಟು ಸಾಕು ಅನ್ನಿ.

ಇನ್ನು ಇಂಥ 50 ಮೆಗಾಹರ್ಟ್ಸ್ ಟ್ರಾನ್ಸ್‌ಡ್ಯೂಸರ್ ಕಟ್ಟುವ ಕೆಲಸ. ನಡುಗುವ ಬಿಲ್ಲೆಯ ದಪ್ಪ, ಅದರೊಳಗಿನ ಅಲೆಯ ಅರ್ಧದಷ್ಟಿರಬೇಕು. ಲೀಥಿಯಂ ನಯೋಬೇಟ್ ಹರಳಾದರೆ 50 ಮೆಗಾಹರ್ಟ್ಸ್‌ಗೆ ಸುಮಾರು 73 ಮೈಕ್ರಾನ್. ಪಿಜೆಡ್‌ಟಿ ಎಂಬ ಸೆರಾಮಿಕ್ ಆದರೆ ಇನ್ನೂ ತೆಳು, 45ರ ಆಸುಪಾಸು. ಹರಳನ್ನು ಗಾಜಿನ ಮೇಲೆ ಮೇಣದಿಂದ ಕೂರಿಸಿ, ನುಣ್ಣನೆಯ ಪುಡಿಯಲ್ಲಿ ಉಜ್ಜುತ್ತಾ ಆ ದಪ್ಪಕ್ಕೆ ತರಬೇಕು. ಅವಸರ ಮಾಡಿದರೆ ಚೂರು ಚೂರು.

ಬಿಲ್ಲೆಯನ್ನು ಸುಮ್ನೆ ಬಿಟ್ಟರೆ ಗಂಟೆಯ ಹಾಗೆ ಗುಂಯ್‌ಗುಡುತ್ತಲೇ ಇರುತ್ತದೆ. ಗಂಟೆಗೆ ಕೈ ಒತ್ತಿದರೆ ನಿಲ್ಲುತ್ತದೆ, ಅಲ್ವಾ? ಹಾಗೆ ಇದರ ಬೆನ್ನಿಗೂ ಸದ್ದು ಹೀರುವ ಒಂದು ಗಟ್ಟಿ ಬೇಕು. 5 ಮೆಗಾಹರ್ಟ್ಸ್‌ನಲ್ಲಾದರೆ ಅದನ್ನು ಬೇರೆ ಮಾಡಿಟ್ಟುಕೊಂಡು ಅಂಟಿಸಬಹುದು. ಎರಡು ಮೈಕ್ರಾನ್ ಅಂಟು ಅಲ್ಲಿ ಲೆಕ್ಕಕ್ಕೇ ಇಲ್ಲ. 50ರಲ್ಲಿ ಅದೇ ಅಂಟು ತಾನೂ ಒಂದು ಪದರವಾಗಿ ಸದ್ದನ್ನು ಕೆಡಿಸುತ್ತದೆ. ನನ್ನನ್ನು ಕೇಳಿದರೆ ಇಡೀ ಕೆಲಸದ ಕಷ್ಟ ಇರುವುದು ಇಲ್ಲೇ. ಆದ್ದರಿಂದ ಅಂಟಿನ ಗೊಡವೆಯೇ ಬೇಡ ಎಂದು, ಬೆಳ್ಳಿ ಪುಡಿ ಬೆರೆತ ಎಪಾಕ್ಸಿ ಎಂಬ ರಾಳವನ್ನು ನೇರವಾಗಿ ಬಿಲ್ಲೆಯ ಬೆನ್ನಿಗೇ ಸುರಿದು ಗಟ್ಟಿಯಾಗಲು ಬಿಡುತ್ತಾರೆ.

ಮುಂಭಾಗಕ್ಕೆ ಬೇರೆ ತೊಂದರೆ. ಹರಳು ತೀರಾ ಬಿರುಸು, ನೀರು ಮೆದು. ನೇರ ತಾಗಿಸಿದರೆ ಶೇಕಡಾ 80ಕ್ಕೂ ಜಾಸ್ತಿ ಶಕ್ತಿ ಹಿಂದಕ್ಕೇ ಹೋಗುತ್ತದೆ. ನಡುವೆ ಮೆಟ್ಟಿಲಿನ ಹಾಗೆ ಕಾಲು ಅಲೆ ದಪ್ಪದ ಪದರ ಬೇಕು. ಇಲ್ಲೂ ಬೆಳ್ಳಿ ಎಪಾಕ್ಸಿಯೇ. ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಬೆಳ್ಳಿಯನ್ನು ಹರಳಿನ ಮೇಲೆ ಒತ್ತಾಗಿ ಕೂರಿಸಿ, ಆಮೇಲೆ ಸುಮಾರು 10 ಮೈಕ್ರಾನ್‌ಗೆ ಉಜ್ಜುತ್ತಾರೆ. ಅದರ ಮೇಲೆ ಪ್ಯಾರಿಲೀನ್ ಎಂಬ ಪ್ಲಾಸ್ಟಿಕ್ಕಿನ ಪೊರೆ, ಆವಿಯಿಂದ ಕೂರಿಸಿದ್ದು.

ಬಿಲ್ಲೆಯ ಅಗಲವನ್ನೂ ಮನಬಂದಂತೆ ಇಡುವಂತಿಲ್ಲ. ಯಂತ್ರದ 50 ಓಮ್ ವಿದ್ಯುತ್ ತಡೆಗೆ ಅದು ಹೊಂದಬೇಕು. ಪಿಜೆಡ್‌ಟಿ ಆದರೆ ಒಂದು ಮಿಲಿಮೀಟರ್‌ಗಿಂತ ಕಿರಿದಾಗಬೇಕಾಗುತ್ತದೆ. ಲೀಥಿಯಂ ನಯೋಬೇಟ್ ಮೂರ್ನಾಲ್ಕು ಮಿಲಿಮೀಟರ್ ಇದ್ದರೂ ನಡೆಯುತ್ತದೆ. ದೊಡ್ಡ ಒಂಟಿ ಬಿಲ್ಲೆ ಬೇಕೆಂದಾಗ ಆ ಹರಳನ್ನು ಆರಿಸುವುದು ಇದಕ್ಕೇ.

ಎಲ್ಲ ಮುಗಿದ ಮೇಲೆ ನೀರಿಗಿಳಿಸಿ, ಎದುರಿಗೊಂದು ಗಾಜಿನ ಬಿಲ್ಲೆ ಇಟ್ಟು ಪ್ರತಿಧ್ವನಿ ನೋಡುತ್ತಾರೆ. ಗಕ್ಕನೆ ಬಂದು ಗಕ್ಕನೆ ನಿಂತರೆ ಗೆದ್ದಂತೆ. ಹಿಂದೆ ಬಾಲ ಎಳೆದುಕೊಂಡು ಬಂದರೆ ಬೆನ್ನು ಎಲ್ಲೋ ಬಿಟ್ಟಿರಬಹುದು, ಗಾಳಿಗುಳ್ಳೆ ಸಿಕ್ಕಿರಬಹುದು. ಎಪಾಕ್ಸಿ ಗಟ್ಟಿಯಾದ ಮೇಲೆ ಬಿಚ್ಚಿ ರಿಪೇರಿ ಮಾಡಲು ಬರುವುದಿಲ್ಲ. ಹೊಸ ಹರಳು ತೆಗೆದುಕೊಂಡು ಮತ್ತೆ ಉಜ್ಜಲು ಕೂರಬೇಕು, ಅಷ್ಟೇ.

ನಮಸ್ಕಾರ.